ಕೀಳದೆ ಬಿಟ್ಟ ಹೂಗಳು

ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ವಾರಿಜಾ ಆಂಟಿ ತಮ್ಮ ತೋಟದ ಹೂಗಳನ್ನು ಗಿಡದಲ್ಲಿ ಬಾಡಲು ಬಿಟ್ಟವರೇ ಅಲ್ಲ. ಬೆಳಗ್ಗೆ ಸ್ನಾನ ಮುಗಿಸಿ ಬಂದರೆ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲವೂ ದೇವರಿಗೆ. ಮಕರಂದ ಹೀರುವ ಸೂರಕ್ಕಿಗಳು ಬರುವ ಹೊತ್ತಿಗೆ ಗಿಡಗಳು ಬರೀ ಹಸಿರಾಗಿರುತ್ತಿದ್ದವು.

ಅದು ಕೊರೊನಾದ ಎರಡನೇ ವರ್ಷ. ಯುಗಾದಿ ಕಳೆದಿತ್ತು. ಇಲ್ಲಿ ವಸಂತವೆಂದು ಬೇರೆ ಕಾಲವಿಲ್ಲ. ಒಣಹವೆ ಮುಗಿದು ಮಳೆ ಬಿದ್ದ ಮೇಲೆ ಹೂಗಳೆಲ್ಲ ಒಟ್ಟಿಗೇ ಬಂದಿದ್ದವು. ಆಂಟಿ ಆಗಷ್ಟೇ ಜ್ವರದಿಂದ ಎದ್ದಿದ್ದರು, ನಾಲ್ಕು ಹೆಜ್ಜೆಗೆ ಏದುಸಿರು. ಮೈಸೂರಿನಲ್ಲಿ ಅವರ ತಾಯಿ ದೇವಕಮ್ಮ ಅದೇ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು. ಹೋಗಲು ದಾರಿಯಿರಲಿಲ್ಲ. ತಲೆನೋವು ಬರುತ್ತದೆಂದು ಆಂಟಿಯ ಫೋನನ್ನು ಗಂಡ ರಾಧಾಕೃಷ್ಣ ಅಂಕಲ್ ತಾವೇ ಇಟ್ಟುಕೊಂಡಿದ್ದರು. ಮುಂದಿನದೆಲ್ಲ ಆಂಟಿಯೇ ಆಮೇಲೆ ನನಗೆ ಹೇಳಿದ್ದು.

ಆ ದಿನ ಆಂಟಿ ಬುಟ್ಟಿ ತೆಗೆದುಕೊಂಡಾಗ ಅಂಕಲ್ ಅಡ್ಡ ಬಂದರು.

"ಇವತ್ತು ಕೀಳ್ಬೇಡ ವಾರೀ. ಹಕ್ಕಿಗಳಿಗೆ ಬಿಡು. ಕೂತ್ಕೊಂಡು ನೋಡೋಣ."

"ಏನ್ರೀ, ಇಷ್ಟು ವರ್ಷ ಇಲ್ಲದ ಹಕ್ಕಿ ಪ್ರೀತಿ?"

"ವರ್ಕ್ ಫ್ರಮ್ ಹೋಮ್ ಅಲ್ವಾ, ಈಗ ಬಂತು."

ಆಂಟಿ ನಕ್ಕು ಕುರ್ಚಿಯಲ್ಲಿ ಕುಳಿತರು. ಸೂರಕ್ಕಿಯೊಂದು ದಾಸವಾಳ ಹೂವಿನ ಬುಡಕ್ಕೆ ಕೊಕ್ಕು ಹಾಕಿ ಜೋತಾಡಿತು. ಪಿಕಳಾರಗಳು ಜಗಳವಾಡಿದವು. ಚೆಂದವಿತ್ತು. ಆದರೆ ಸಂಜೆಯಾಗುತ್ತಿದ್ದಂತೆ ದಾಸವಾಳಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದಾಗ ಆಂಟಿಗೆ ಮೈ ಜುಮ್ಮೆಂದಿತು. ಯಾರೋ ಮನೆಯೊಳಗೆ ದೀಪಗಳನ್ನು ಆರಿಸುತ್ತ ಹೋದ ಹಾಗಿತ್ತು. ಗಾಳಿಯಿರಲಿಲ್ಲ, ಹಕ್ಕಿಯೂ ಇರಲಿಲ್ಲ. ಆದರೂ ನಂದಿಬಟ್ಟಲಿನ ಒಂದು ಕೊಂಬೆ ಬಗ್ಗಿ, ಬಿಟ್ಟಂತೆ ಮೇಲೆದ್ದಿತು. ಹೂ ಕೀಳುವಾಗ ಹೀಗೆ ಬಗ್ಗಿಸುವುದು ಅವರ ಅಮ್ಮನ ರೂಢಿ.

"ಅಮ್ಮ ಹೇಗಿದ್ದಾರಂತೆ?"

"ಹಾಗೇ ಇದ್ದಾರೆ. ತ್ರಿವಿಕ್ರಮ ಮೆಸೇಜ್ ಹಾಕಿದ್ದ," ಎಂದರು ಅಂಕಲ್. ತ್ರಿವಿಕ್ರಮ ಆಂಟಿಯ ತಮ್ಮ.

ಮರುದಿನ ಬೆಳಗ್ಗೆ ಗಿಡದ ಕೆಳಗೆ ನಿನ್ನೆಯ ಹೂಗಳು ಸುತ್ತಿಕೊಂಡು ಬಿದ್ದಿದ್ದವು. ಮೇಲೆ ಹೊಸ ಹೂಗಳು ತುಂಬಿದ್ದವು.

"ಇವತ್ತೂ ಬಿಡು," ಎಂದರು ಅಂಕಲ್. "ಹಕ್ಕಿಗಳಿಗೆ ಅಭ್ಯಾಸ ಆಗಿದೆ."

ಆಂಟಿ ಕುರ್ಚಿಯಲ್ಲಿ ಕುಳಿತು ಒಳಗೆ ತಿರುಗಿ ನೋಡಿದರು. ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ನಿನ್ನೆಯಿಂದ ದೀಪವೂ ಹಚ್ಚಿರಲಿಲ್ಲ.

"ದೇವರ ಬಾಗಿಲು ಹಾಕಿದ್ದೂ ಹಕ್ಕಿಗಳಿಗೇನಾ ರೀ?"

ಅಂಕಲ್ ಹೂಬುಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟರು.

"ಅಮ್ಮ... ಯಾವಾಗ?"

"ಮೊನ್ನೆ ರಾತ್ರಿ," ಎಂದರು ಅಂಕಲ್. "ನೀನು ಸ್ವಲ್ಪ ಗಟ್ಟಿ ಆಗೋವರೆಗೂ ಹೇಳ್ಬೇಡ ಅಂದ ತ್ರಿವಿಕ್ರಮ."

"ನನ್ ಹತ್ರ ಸುಳ್ಳು ಹೇಳೋಕೆ ನಿಮ್ಗೆ ಆಯ್ತು. ಸೂತಕದಲ್ಲಿ ನನ್ ಕೈಲಿ ಪೂಜೆ ಮಾಡ್ಸೋಕೆ ಮಾತ್ರ ಆಗ್ಲಿಲ್ಲ, ಅಲ್ವಾ?"

"ಆಗ್ಲಿಲ್ಲ ವಾರೀ. ಏಳು, ತಲೆಗೆ ಸ್ನಾನ ಮಾಡು. ನೀರು ಬಿಸಿ ಮಾಡಿದ್ದೀನಿ."

ಸಾವಿನ ಸುದ್ದಿ ಕೇಳಿದ ಕೂಡಲೇ ಸ್ನಾನ ಮಾಡಬೇಕೆಂಬುದು ಆಂಟಿಗೆ ಗೊತ್ತಿತ್ತು. ಅವರು ಏಳಲಿಲ್ಲ.

"ಸ್ವಲ್ಪ ಇರಿ. ನಾನು ಸ್ನಾನ ಮಾಡಿದ್ರೆ ಅಮ್ಮ ಹೋದ್ರು ಅಂತ ಆಗಿಬಿಡುತ್ತೆ."

ಹಕ್ಕಿಗಳು ಬಂದವು, ಹೋದವು. ಬಿಸಿಲು ಕಾಲಿನಿಂದ ಮಡಿಲಿಗೆ ಏರಿತು. ಅಂಕಲ್ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಮತ್ತೆ ಕರೆಯಲಿಲ್ಲ.