ಅವರೆಯ ಜೊತೆ ಗ್ರೀಕನ್ನೂ ಹಿತುಕುವ ರಾಧಕ್ಕ

ಬೆಂಗಳೂರಿನ ಅಂಚಿನ ಅಬ್ಬಿಗೆರೆಯ ಹಳೇ ಊರಿನ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾಧಾಮಣಿಯವರ ಮನೆಯ ಜಗುಲಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ನಡುವೆ ನೆನೆಸಿಟ್ಟ ಅವರೆಕಾಳಿನ ದೊಡ್ಡ ಪಾತ್ರೆ, ಸುತ್ತ ಶಾಲು ಹೊದ್ದು ಕೂತ ಎಂಟ್ಹತ್ತು ಹುಡುಗಿಯರು. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ತಟ್ಟೆಗೆ ಹಾರುತ್ತದೆ. ಚಳಿಗಾಲ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ನಡೆಯುವ ಕೆಲಸವಿದು. ಆದರೆ ಈ ಜಗುಲಿಯಲ್ಲಿ ಅದರ ಜೊತೆ ಕೇಳಿಬರುವ ಮಾತು ಮಾತ್ರ ಬೇರೆಲ್ಲೂ ಕೇಳಿಸದು.

“ಪೆರಿಕಾರ್ಡೈಟಿಸ್,” ಎಂದು ರಾಧಾಮಣಿ ಪದ ಎಸೆಯುತ್ತಾರೆ. “ಮುಂದಿನ ಸಿಪ್ಪೆ?”

“ಪೆರಿ. ಸುತ್ತ.”

“ಹಿಂದಿನ ಸಿಪ್ಪೆ?”

“ಐಟಿಸ್. ಊತ.”

“ಒಳಗಿರೋ ಬೇಳೆ?”

“ಕಾರ್ಡಿ! ಹಾರ್ಟು!” ಎಂದು ಹುಡುಗಿಯರು ಒಟ್ಟಿಗೆ ಕೂಗುತ್ತಾರೆ. ಹೃದಯದ ಸುತ್ತಲಿನ ಪೊರೆ ಊದಿಕೊಂಡರೆ ಅದಕ್ಕೆ ಆ ಹೆಸರು. ಎದುರು ಮನೆಯವರು ಕಿಟಕಿ ತೆಗೆದು ನೋಡುವುದನ್ನು ಎಂದೋ ಬಿಟ್ಟಿದ್ದಾರೆ.

ಹುಡುಗಿಯರೆಲ್ಲ ಚಿಕ್ಕಬಾಣಾವರ ಸುತ್ತಮುತ್ತಲಿನ ನರ್ಸಿಂಗ್ ಶಾಲೆಗಳಲ್ಲಿ ಓದುವವರು. ವಿಜಯಪುರ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರೇ ಹೆಚ್ಚು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೆ ಅಂಕ ತೆಗೆದವರು, ಇಲ್ಲಿಗೆ ಬಂದು ಅಂಗರಚನೆಯ ಪುಸ್ತಕ ತೆಗೆದರೆ ಒಂದೊಂದು ಪದವೂ ಗೂಡ್ಸ್ ರೈಲಿನಷ್ಟು ಉದ್ದ. ಇವರಿಗೆ ರಾಧಕ್ಕ ಹೇಳಿಕೊಡುವುದು ಒಂದೇ ವಿದ್ಯೆ: ಇಂಗ್ಲಿಷಿನ ಆ ಉದ್ದನೆಯ ಪದಗಳನ್ನು ಗ್ರೀಕ್, ಲ್ಯಾಟಿನ್ ಬೇರುಗಳಾಗಿ ಬಿಡಿಸುವುದು. ಅವರು ಟೀಚರ್ ಅಲ್ಲ, ನರ್ಸೂ ಅಲ್ಲ. ಹಿತುಕಿದ ಬೇಳೆಯನ್ನು ಗೊರಗುಂಟೆಪಾಳ್ಯದ ಅಂಗಡಿಗಳಿಗೆ ಹಾಕಿ ಜೀವನ ಮಾಡುವವರು. ಗಂಡ ಅಶ್ವತ್ಥ್ ರಾಜಾನುಕುಂಟೆ ಕಡೆಯ ಹೊಲಗಳಿಂದ ಸೊಗಡವರೆ ಮೂಟೆ ತಂದು ಹಾಕುತ್ತಾರೆ.

“ನಾನೂ ನರ್ಸಿಂಗ್ ಸೇರಿದ್ದೆ ಮೇಡಂ,” ಎನ್ನುತ್ತಾರೆ ಅವರು ನನಗೆ, ಕೈ ನಿಲ್ಲಿಸದೆ. “ಫಸ್ಟ್ ಇಯರ್ ಫೇಲು. ಇನ್ನೊಂದ್ ಸಲ ಕಟ್ದೆ, ಆಗ್ಲೂ ಫೇಲು. ಪಾಠ ಅರ್ಥ ಆಗ್ತಿತ್ತು, ಪದಗಳು ಬಾಯಿಗೂ ಬರ್ತಿರ್ಲಿಲ್ಲ, ತಲೆಗೂ ಹತ್ತುತಿರ್ಲಿಲ್ಲ. ನಮ್ಮಪ್ಪ, ಸಾಕು ಬಿಡಮ್ಮ, ಇದು ನಮ್ಮಂಥೋರಿಗಲ್ಲ ಅಂದ್ಬಿಟ್ರು. ಆ ಮಾತು ಇವತ್ತಿಗೂ ಉರಿಯುತ್ತೆ.”

ಓದು ಬಿಟ್ಟ ಮೇಲೆ ಅವರು ಆರ್.ಟಿ. ನಗರದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿ ದುಡಿದರು. ಅಲ್ಲಿನ ವಯಸ್ಸಾದ ಡಾಕ್ಟರ್ ಅತಾವುಲ್ಲಾ ಅವರಿಗೆ ಬಿಡುವಾದಾಗ ಯಾರಿಗಾದರೂ ಪಾಠ ಹೇಳುವ ಚಟ. ಎದೆನೋವಿನ ಮಾತ್ರೆಯ ಚೀಟಿಯ ಮೇಲೆ ‘ಸಬ್‌ಲಿಂಗ್ವಲ್’ ಎಂದಿರುವುದನ್ನು ತೋರಿಸಿ, ಸಬ್ ಅಂದರೆ ಕೆಳಗೆ, ಲಿಂಗ್ವ ಅಂದರೆ ನಾಲಿಗೆ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಎಂದು ಬಿಡಿಸಿ ಹೇಳಿದರಂತೆ. “ಗ್ರೀಕರೂ ರೋಮನ್ನರೂ ಸತ್ತು ಎಷ್ಟೋ ಕಾಲ ಆಯ್ತಮ್ಮ, ಅವರ ಮಾತಿಗೆ ಈಗ ಯಾಕೆ ಹೆದರ್ತೀಯಾ ಅಂದ್ರು. ನಂಗೆ ನಗು ಬಂತು, ಅಳೂನೂ ಬಂತು. ಇದನ್ನ ಅವತ್ತೇ ಯಾರಾದ್ರೂ ಹೇಳಿದ್ರೆ!”

ಆ ಸಿಟ್ಟೇ ಈ ಜಗುಲಿ ಶಾಲೆಯ ಬಂಡವಾಳ. ಮನೆಯ ಮಹಡಿಗೆ ಬಾಡಿಗೆಗೆ ಬಂದ ನರ್ಸಿಂಗ್ ಹುಡುಗಿಯೊಬ್ಬಳು ಪುಸ್ತಕದ ಮುಂದೆ ಅಳುತ್ತ ಕೂತಿದ್ದನ್ನು ನೋಡಿ, ಬಾ ಇಲ್ಲಿ ಎಂದು ಅವರೆ ಪಾತ್ರೆಯ ಮುಂದೆ ಕೂರಿಸಿಕೊಂಡದ್ದು ಮೊದಲು. ಆಮೇಲೆ ಅವಳ ಗೆಳತಿಯರು ಬಂದರು, ಗೆಳತಿಯರ ಗೆಳತಿಯರೂ ಬಂದರು. ಅವರೆ ಮುಗಿದ ಕಾಲಕ್ಕೆ ಬೆಳ್ಳುಳ್ಳಿ, ಹುಣಸೆಹಣ್ಣು. ಕೈಗೆ ಕೆಲಸವಿಲ್ಲದೆ ಇಲ್ಲಿ ಪಾಠವೇ ಇಲ್ಲ.

“ಕೈ ಸುಮ್ನಿದ್ರೆ ತಲೇಗೆ ಭಯ ನುಗ್ಗುತ್ತೆ,” ಎನ್ನುವುದು ಅವರ ಸಿದ್ಧಾಂತ. “ಇನ್ನೊಂದ್ ವಿಷ್ಯ ಮೇಡಂ. ಕನ್ನಡ ಮೀಡಿಯಂನೋರು ಅಂತ ಇವರು ತಲೆ ತಗ್ಗಿಸ್ಕೊಂಡು ಬರ್ತಾರೆ. ನಾನು ಕೇಳ್ತೀನಿ, ಹೈಸ್ಕೂಲಲ್ಲಿ ಸಮಾಸ ಬಿಡಿಸಿಲ್ವೇನ್ರೇ? ಚಕ್ರಪಾಣಿ ಅಂದ್ರೆ ಕೈಯಲ್ಲಿ ಚಕ್ರ ಇರೋನು ಅಂತ ವಿಗ್ರಹವಾಕ್ಯ ಬರೆದಿಲ್ವಾ? ಇದೂ ಅಂಗೇ! ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಈ ಅಭ್ಯಾಸ ಎಲ್ಲಿರುತ್ತೆ?”

ಇಷ್ಟೇ ಆಗಿದ್ದರೆ ಬೆನ್ನು ತಟ್ಟಿ ಎದ್ದು ಬರಬಹುದಿತ್ತು. ಆದರೆ ಕಳೆದ ವರ್ಷ ಇಲ್ಲೊಂದು ಎಡವಟ್ಟಾಗಿದೆ. ಸಿಂದಗಿ ಕಡೆಯ ಭಾಗ್ಯಶ್ರೀ ಈ ಗುಂಪಿನಲ್ಲೇ ಚುರುಕಿನ ಹುಡುಗಿ. ಎಂಥ ಪದ ಕೊಟ್ಟರೂ ಕಣ್ಣು ಮಿಟುಕಿಸುವುದರಲ್ಲಿ ಬಿಡಿಸುತ್ತಿದ್ದಳು. ಆ ಹುರುಪಿನಲ್ಲಿ ಪುಸ್ತಕ ಓದುವುದನ್ನೇ ಬಿಟ್ಟಿದ್ದಳು. ಪರೀಕ್ಷೆಯಲ್ಲಿ ‘ಆರ್ಟರಿ’ಯ, ಅಂದರೆ ಅಪಧಮನಿಯ, ಕೆಲಸವೇನು ಎಂದು ಕೇಳಿದ್ದಕ್ಕೆ, ಗ್ರೀಕಿನ ‘ಏರ್’ ಅಂದರೆ ಗಾಳಿ ಎಂದು ಪದ ಬಿಡಿಸಿ, ಗಾಳಿ ಸಾಗಿಸುವುದು ಎಂದು ಬರೆದು ಬಂದಳು. ಹಳೇ ಗ್ರೀಕರು ಹಾಗೇ ತಿಳಿದಿದ್ದರಂತೆ. ಸತ್ತ ದೇಹದಲ್ಲಿ ಆ ನಾಳಗಳು ಖಾಲಿ ಇರುತ್ತಿದ್ದವಂತೆ, ಅದಕ್ಕೇ ಗಾಳಿಯ ಹೆಸರು ಕೊಟ್ಟರು ಎನ್ನುತ್ತಾರೆ. ಬದುಕಿದವರ ಮೈಯಲ್ಲಿ ಅದರೊಳಗೆ ಹರಿಯುವುದು ರಕ್ತ. ಮಿಕ್ಕ ಪ್ರಶ್ನೆಗಳಿಗೂ ಅವಳು ಹೀಗೇ ಪದ ಬಿಡಿಸಿ ಸಿಕ್ಕಿದ್ದನ್ನೇ ಉತ್ತರವೆಂದು ಬರೆದಿದ್ದಳು. ಫೇಲಾದಳು.

ಅವಳ ತಂದೆ ಸಿದ್ರಾಮಪ್ಪ ರಾತ್ರಿ ಬಸ್ಸು ಹತ್ತಿ ನೆಟ್ಟಗೆ ಈ ಜಗುಲಿಗೇ ಬಂದರು. ಬಂದ ಹೊತ್ತಿಗೆ ಮಗಳು ಪಾತ್ರೆಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮುಂದೆ ನಡೆದದ್ದನ್ನು ಭಾಗ್ಯಶ್ರೀಯೇ ಹೇಳುತ್ತಾಳೆ: “ಬಳ್ಳೊಳ್ಳಿ ಸುಲ್ಯಾಕ ಮಗಳನ್ನ ಬೆಂಗಳೂರಿಗಿ ಕಳಿಸೀನೇನ್ರಿ? ಅದು ನಮ್ಮೂರಾಗೂ ಐತಿ ಅಂತ ಅಪ್ಪಾ ಬೀದಿ ತುಂಬ ಒದರ್‍ಯಾಡಿದ್ರು. ನಂಗ ನೆಲಾ ಬಿರಿದು ನುಂಗಬಾರದಾ ಅನಿಸ್ತು.”

ರಾಧಾಮಣಿ ವಾದಿಸಲಿಲ್ಲ. ತಪ್ಪು ನನ್ನದೂ ಇದೆ ಎಂದರು. ಇನ್ನೊಂದು ಸಲ ಪರೀಕ್ಷೆ ಕಟ್ಟಲು ಬಿಡಿ, ಆಗಲೂ ಫೇಲಾದರೆ ಮಗಳನ್ನು ಕರೆದುಕೊಂಡು ಹೋಗಿ, ನಾನೂ ಇನ್ನು ಯಾರಿಗೂ ಪಾಠ ಹೇಳುವುದಿಲ್ಲ ಎಂದು ಬೀದಿಯವರೆಲ್ಲರ ಮುಂದೆ ಮಾತು ಕೊಟ್ಟರು. ಸಿದ್ರಾಮಪ್ಪ ಒಪ್ಪಿ ಹೋದರು.

ಅಂದಿನಿಂದ ಜಗುಲಿಯ ಕ್ರಮವೇ ಬದಲಾಗಿದೆ. ಪದ ಬಿಡಿಸಿದ ಮೇಲೆ ಕೈ ತೊಳೆದು, ಅದೇ ಪದವನ್ನು ಪುಸ್ತಕದಲ್ಲಿ ಹುಡುಕಿ, ಅಲ್ಲಿ ಏನಿದೆ ಎಂದು ಜೋರಾಗಿ ಓದಿ ಎಲ್ಲರಿಗೂ ಕೇಳಿಸಬೇಕು. ಅದಾದ ಮೇಲೇ ಉಪ್ಪಿಟ್ಟು. ಉಚ್ಚಾರ ತಪ್ಪಿದರೆ ಹುಡುಗಿಯರೇ ರಾಧಕ್ಕನನ್ನು ತಿದ್ದುತ್ತಾರೆ, ಅವರು ತಿದ್ದಿಸಿಕೊಳ್ಳುತ್ತಾರೆ.

“ಹಿತುಕಿದ್ ಬೇಳೇನ ಹಸೀದೇ ತಿಂತೀವಾ? ಬೇಯಿಸ್ಬೇಕು ತಾನೇ? ಪದಾನೂ ಅಷ್ಟೇ ಅಂತ ಈಗ ಹೇಳ್ತೀನಿ,” ಎನ್ನುತ್ತಾರೆ ರಾಧಾಮಣಿ. “ನಂಗೂ ಗೊತ್ತಿರ್ಲಿಲ್ಲ ಮೇಡಂ. ಆ ಹುಡುಗಿ ಬಿದ್ದು ನಂಗೆ ಕಲಿಸಿದ್ಳು.”

ಭಾಗ್ಯಶ್ರೀ ಪೂರಕ ಪರೀಕ್ಷೆ ಬರೆದಿದ್ದಾಳೆ. ಹೇಗೆ ಬರೆದೆ ಎಂದು ಕೇಳಿದರೆ ಮುಂದಿನ ಕಾಳಿಗೆ ಕೈ ಹಾಕುತ್ತಾಳೆ. ರಾಧಾಮಣಿ ಕೇಳುವುದೇ ಇಲ್ಲ. ಆದರೆ ಪದ ಎಸೆಯುವಾಗ ಅವರ ಕಣ್ಣು ಮತ್ತೆಮತ್ತೆ ಅವಳ ಕಡೆಗೇ ಹೋಗುತ್ತದೆ. ಈ ಲೇಖನ ಬರೆದು ಮುಗಿಸುವ ಮುಂಚೆ ಫಲಿತಾಂಶ ಬರಲಿ ಎಂದು ನಾನೂ ಮನಸ್ಸಿನಲ್ಲೇ ಹರಕೆ ಹೊರುತ್ತೇನೆ.

ಫಲಿತಾಂಶದ ದಿನ ನಾನು ಮತ್ತೆ ಅದೇ ಜಗುಲಿಯಲ್ಲಿದ್ದೇನೆ. ಮಧ್ಯಾಹ್ನದ ಬಿಸಿಲು. ಎಲ್ಲರೂ ಒಂದೇ ಮೊಬೈಲಿಗೆ ಮುಗಿಬಿದ್ದಿದ್ದಾರೆ. ರಾಧಾಮಣಿ ಮಾತ್ರ ಅತ್ತ ನೋಡದೆ ಖಾಲಿ ಪಾತ್ರೆಯನ್ನು ಎರಡನೇ ಸಲ ತೊಳೆಯುತ್ತಿದ್ದಾರೆ. ಕೊನೆಗೆ ಭಾಗ್ಯಶ್ರೀ ಎದ್ದು ಬಂದು ಅವರ ಒದ್ದೆ ಕೈಯನ್ನೇ ಹಿಡಿದುಕೊಂಡು, “ಪಾಸ್ ಆದ್ನಿ ಅಕ್ಕಾ,” ಎನ್ನುತ್ತಾಳೆ. ಇಬ್ಬರೂ ಅಳುತ್ತಾರೆ. ನನ್ನ ಕನ್ನಡಕವೂ ಮಂಜಾಗುತ್ತದೆ, ಅದನ್ನು ಮುಚ್ಚಿಡುವುದೇಕೆ?

ಅಷ್ಟರಲ್ಲಿ ಸಿದ್ರಾಮಪ್ಪನವರ ಫೋನು. ಮಗಳ ಜೊತೆ ಎರಡು ಮಾತಾಡಿ, ಅಕ್ಕಾರಿಗೆ ಕೊಡು ಎನ್ನುತ್ತಾರೆ. ಭಾಗ್ಯಶ್ರೀ ಸ್ಪೀಕರ್ ಹಾಕಿ ಹಿಡಿಯುತ್ತಾಳೆ.

“ಅಕ್ಕಾರ, ಅವತ್ತ ನಾ ಭಾಳ ಬಿರುಸ್ ಮಾತಾಡಿದ್ನಿ. ಮನಸಿಗಿ ಹಚ್ಕೋಬ್ಯಾಡ್ರಿ.”

“ಅದಿರ್ಲಿ ಬಿಡಿ ಯಜಮಾನ್ರೇ,” ರಾಧಾಮಣಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ನಿಮ್ಮೂರಲ್ಲಿ ಇಂಗ್ಲಿಷ್‌ಗೆ ಹೆದ್ರಿ, ಓದು ಬಿಟ್ಟು ಮನೇಲಿ ಕೂತಿರೋ ಹುಡುಗೀರು ಇನ್ನೂ ಇದ್ದಾರಾ?”

“ಅದಾರ್ರಿ,” ಎನ್ನುತ್ತಾರೆ ಸಿದ್ರಾಮಪ್ಪ. “ಭಾಳ ಮಂದಿ ಅದಾರ.”

“ಕಳ್ಸಿ. ಜಗುಲಿ ಸಾಲ್ದಿದ್ರೆ ಬೀದೀಲೇ ಚಾಪೆ ಹಾಸ್ತೀನಿ.”