ಆಯಿ ಸೋಸಿದ ನೀರು

ನಿಜಾಮರ ಕಾಲದ ಕಲಬುರಗಿಯಲ್ಲಿ, ಗಾಜಿಪುರದ ಮನೆಯ ಕಿಟಕಿಯಲ್ಲಿ, ನನ್ನದೊಂದು ಅಕ್ವೇರಿಯಂ ಇತ್ತು. ಪೆಪ್ಪರ್‌ಮಿಂಟಿನ ಖಾಲಿ ಗಾಜಿನ ಭರಣಿ, ಒಳಗೆ ಮೀನಿಲ್ಲ. ನಮ್ಮೂರು ಕಮಲಾಪುರದ ಬಾವಿಯ ನೀರು, ಒಂದಿಷ್ಟು ಪಾಚಿ, ಅಷ್ಟೇ. ಕಾನ್ವೆಂಟಿನ ಸಿಸ್ಟರ್ ಕೊಟ್ಟ ಮ್ಯಾಗ್ನಿಫೈಯಿಂಗ್ ಗ್ಲಾಸ್ ಹಿಡಿದು ದಿನಾ ನೋಡುತ್ತಿದ್ದೆ. ನೀರು ಮೊದಲು ಮಬ್ಬಾಯಿತು, ಮತ್ತೆ ತಿಳಿಯಾಯಿತು. ಆಮೇಲೆ ಬಿಳಿ ಚುಕ್ಕಿಗಳು ಕುಪ್ಪಳಿಸತೊಡಗಿದವು. ಒಂದೇ ಕಣ್ಣು, ಬಾಲದ ಆಚೀಚೆ ತತ್ತಿಯ ಚೀಲ. ಸೋ ಪ್ರೆಟಿ! ಅಂಥ ಚೆಲುವು ಈಗಿನ ನನ್ನ ಕಣ್ಣಿಗೆ ಎಲ್ಲಿ ಕಾಣಬೇಕು?

ಅಪ್ಪನ ತಾಯಿ, ನಮ್ಮ ಆಯಿ, ನೋಡಿದವಳೇ ಹುಬ್ಬು ಗಂಟಿಕ್ಕಿದಳು.

“ನಮ್ಮ ಬಾವ್ಯಾಗ ಹುಳಾ? ಊರಿಂದ ತರಿಸಿ, ಅದೇ ನೀರು ಸೋಸಿ ಲಿಂಗಕ್ಕ ಎರೀತೀನಿ ನಾ. ನಿಮ್ಮ ಸಿಸ್ಟರ್ ಏನೋ ಹಾಕ್ಯಾಳ.”

“ಸಿಸ್ಟರ್ ಭರಣಿ ಮುಟ್ಟೇ ಇಲ್ಲ, ಆಯಿ.”

“ನಾನೇ ಸೋಸಿ ತರ್ತೀನಿ. ರಜಾ ಮುಗಿಯೂದ್ರಾಗ ಅದರಾಗ ಹುಳಾ ಕಾಣಲಿಲ್ಲಂದ್ರ ನಿನ್ನ ಸಾಲಿ ಬಂದ್!”

ಕಮಲಾಪುರಕ್ಕೆ ಹೋಗಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ತಂದಳು. ಮೆತ್ತಗಾದಷ್ಟೂ ಅರಿವೆ ಚೆನ್ನಾಗಿ ಸೋಸುತ್ತದೆ ಎಂಬುದು ಅವಳ ನಂಬಿಕೆ. ಅದೋ, ಹಿಂದೆ ಹಿಡಿದ ಬೆರಳು ಕಾಣುವಷ್ಟು ಸವೆದಿತ್ತು. ಬೇರೊಂದು ಭರಣಿಗೆ ಆ ನೀರು ತುಂಬಿ, ಬಾಯಿ ಕಟ್ಟಿ, ದೇವರ ಕೋಣೆಯ ಬೆಳಕಿಂಡಿಯಡಿ ಇಟ್ಟಳು. ಕೀಲಿ ಸೊಂಟಕ್ಕೆ.

ಪೂಜೆಗೆ ಬಾಗಿಲು ತೆರೆದಾಗಲೆಲ್ಲ ನಾನೂ ಒಳಗೆ ನುಗ್ಗುತ್ತಿದ್ದೆ. ಅವಳು ನನ್ನ ಅಂಗೈ ಬಿಡಿಸಿ ನೋಡುವಳು. ನಾನು ಭರಣಿ ಮೂಸುವೆ. ಸುಣ್ಣವನ್ನೋ ಕರ್ಪೂರವನ್ನೋ ಹಾಕಿದ್ದಾಳೆಂದು ನನಗೆ ಡೌಟು. ಆನೆಸ್ಟ್ಲಿ, ಒಬ್ಬರನ್ನೊಬ್ಬರು ಕಳ್ಳರಂತೆ ಕಾಯುತ್ತಿದ್ದೆವು. ನೀರು ಮಾತ್ರ ತಿಳಿಯಾಗಿಯೇ ಇತ್ತು. ರಜೆ ಮುಗಿಯುತ್ತ ಬಂದಂತೆ ಆಯಿ ನನ್ನ ಸ್ಕೂಲ್ ಶೂಗಳನ್ನು ಅಟ್ಟಕ್ಕೇರಿಸಿದಳು. ನಾನು ಉಣ್ಣುವುದನ್ನೇ ಬಿಟ್ಟೆ.

ಒಂದು ಬೆಳಗ್ಗೆ ಕೂಗಿದಳು. “ಯಾವಾಗ ಒಳಗ ಬಂದಿದ್ದಿ, ಖರೆ ಹೇಳು!”

ಭರಣಿಯಲ್ಲಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು.

“ಕೀಲಿ ನಿನ್ನ ಸೊಂಟದಾಗೇ ಅದ ಅಲ್ಲ, ಆಯಿ?”

ಸೊಂಟ ಮುಟ್ಟಿಕೊಂಡಳು. ಭರಣಿಯ ಬಾಯಿಗೆ ಕಟ್ಟಿದ ಗಂಟು ನೋಡಿದಳು, ಅವಳು ಹಾಕಿದ್ದೇ. ಕಣ್ಣಿಗೆ ಕಾಣದ ಮರಿಗಳು ಸವೆದ ಸೀರೆಯಲ್ಲಿ ನುಸುಳಿ ಬಂದು ಒಳಗೇ ಬೆಳೆದಿದ್ದವೆಂದು ಸಿಸ್ಟರ್ ಆಮೇಲೆ ವಿವರಿಸಿದರು. ಆ ಬೆಳಗ್ಗೆ ಆಯಿ ಗ್ಲಾಸ್ ಕಸಿದುಕೊಂಡು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. ಪೂಜೆಯ ತಂಬಿಗೆಯತ್ತ ಒಮ್ಮೆ ತಿರುಗಿದಳು.

“ಸಾಲಿಗಿ ಹೋಗು,” ಎಂದಳು. “ಅರಿವಿ ಎಷ್ಟು ಮಡಿಕಿ ಹಾಕಿ ಸೋಸಬೇಕಂತ ಆ ಸಿಸ್ಟರ್‌ಗ ಕೇಳ್ಕೊಂಡು ಬಾ. ನಾ ಕೇಳೀನಿ ಅಂತ ಮಾತ್ರ ಅನಬ್ಯಾಡ.”