ಹೀರೋಗಿಂತ ಅರ್ಧ ಕ್ಷಣ ಮೊದಲು

ಟಾಕೀಸಿನಲ್ಲಿ ಗೋವಿಂದಣ್ಣನ ಪಕ್ಕ ಕೂತವರಿಗೆ ಎಲ್ಲ ಮಾತೂ ಎರಡೆರಡು ಸಲ ಕೇಳುತ್ತಿತ್ತು. ಪರದೆಯ ಮೇಲೆ ಹೀರೋ ಬಾಯಿ ತೆರೆಯುವ ಅರ್ಧ ಕ್ಷಣ ಮೊದಲೇ ಆ ಮಾತು ಗೋವಿಂದಣ್ಣನ ಬಾಯಿಂದ ಹೊರಬಿದ್ದಿರುತ್ತಿತ್ತು. ಹೀರೋ ಒಬ್ಬನದೇ ಅಲ್ಲ, ವಿಲನ್ನಿನ ಗದರಿಕೆ, ಹೀರೋಯಿನ್ನಿನ ಅಳು, ಒಂದೇ ಸಲ ಬಂದು ಹೋಗುವ ಪೋಸ್ಟ್‌ಮ್ಯಾನಿನ ಮಾತನ್ನೂ ಅವರು ಬಿಡುತ್ತಿರಲಿಲ್ಲ. ಕುಂದಾಪುರದಲ್ಲಿ ಒಮ್ಮೆ ಹಿಂದಿನ ಸಾಲಿನವರೊಬ್ಬರಿಗೆ ತಡೆಯಲಾಗಲಿಲ್ಲ.

"ಹ್ವಾಯ್, ನಾವ್ ಬಂದದ್ ಅವ್ನ್ ಮಾತ್ ಕೇಂಬುಕೆ. ನಿಮ್ದಲ್ಲ!"

ಗೋವಿಂದಣ್ಣ ತಿರುಗಿ, "ಅಲ್ಲ ಮರಾಯ್ರೆ, ಅವ ನಡೂಗ್ ಮರ್ತ್ರೆ ಯಾರ್ ಹೇಳಿ ಕೊಡುದ್?" ಎಂದರು. ಸಾಲಿಗೆ ಸಾಲೇ ನಕ್ಕಿತು. ಅವರ ಜೊತೆ ಹೋಗಿದ್ದ ಹತ್ತು ವರ್ಷದ ನಾನು ನಾಚಿಕೆಯಿಂದ ಕುರ್ಚಿಯೊಳಗೇ ಇಳಿದುಹೋಗಿದ್ದೆ.

ಗಂಗೊಳ್ಳಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಐಸ್ ಪ್ಲಾಂಟಿನಲ್ಲಿ ಕೆಲಸ. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗದ್ದಲವನ್ನೂ ದಾಟಿ ಬೋಟಿನವರಿಗೆ ಕೇಳುವಂತೆ "ಹ್ವಾಯ್!" ಎಂದು ಕರೆಯುವ ಗಂಟಲು ಅಲ್ಲಿ ಅವರೊಬ್ಬರದೇ. ಕೆಲಸವಿಲ್ಲದ ದಿನ ಸಿನಿಮಾ. ಹಾಗೆಂದು ಅವರು ಬಹಳ ಸಿನಿಮಾ ನೋಡಿದವರೇನಲ್ಲ. ಒಟ್ಟು ಮೂರು. ಅವುಗಳ ನಿಜವಾದ ಹೆಸರೂ ಅವರಿಗೆ ಬೇಕಿರಲಿಲ್ಲ. ಕೋರ್ಟ್ ಪಿಚ್ಚರ್, ಬಳೆಗಾರನ ಪಿಚ್ಚರ್, ಅಣ್ಣ-ತಮ್ಮನ ಪಿಚ್ಚರ್, ಅಷ್ಟೇ. ಕೋರ್ಟ್ ಪಿಚ್ಚರ್ ಮತ್ತೆ ಬಂದಿದೆ ಎಂದು ಗೊತ್ತಾದರೆ ಬೈಂದೂರಾದರೂ ಸರಿ, ಬ್ರಹ್ಮಾವರವಾದರೂ ಸರಿ, ಹೊರಟೇಬಿಟ್ಟರು. ಟಾಕೀಸು ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಮೊಬೈಲು ಬಂತು, ಪಿಚ್ಚರ್ ಮಾತ್ರ ಅವೇ ಮೂರು.

"ಒಂದಾದ್ರೂ ಹೊಸತ್ ಕಾಂಬುಕಾಗ್ದಾ ಗೋವಿಂದಣ್ಣ?" ಎಂದು ಕೇಳಿದ್ದೆ.

"ಹೊಸ ಪಿಚ್ಚರ್ ಅಂದ್ರೆ ಗುರ್ತ ಇಲ್ದಿದ್ದವ್ರ್ ಮನಿ ಊಟ. ಉಪ್ಪ್ ಕಮ್ಮಿ ಆದ್ರೂ ಕೇಂಬುಕೆ ನಾಚ್ಕಿ. ಕಂಡದ್ ಪಿಚ್ಚರ್ ನಮ್ಮನಿ ಊಟ. ಕಾಲ್ ನೀಡಿ ಉಂಬುಲಕ್ಕ್."

ಮುಂದೆ ನಾನು ಕನ್ನಡ ಟೀಚರ್ ಆದೆ. ಮಕ್ಕಳು "ಬತ್ತೆ" ಎಂದರೆ "ಬರುತ್ತೇನೆ ಅನ್ನು" ಎಂದು ತಿದ್ದುವುದು ನನಗೊಂದು ಚಟವೇ ಆಯಿತು. ಸುದ್ದಿ ಗೋವಿಂದಣ್ಣನ ಕಿವಿಗೂ ಬಿತ್ತು. ಅಲ್ಲಿಯವರೆಗೆ ನನ್ನನ್ನು 'ನೀ' ಎನ್ನುತ್ತಿದ್ದವರು ತಮಾಷೆಗೆ ಬಹುವಚನಕ್ಕೆ ಏರಿದರು. "ಎಂತ ಟೀಚರೇ, ಮಕ್ಕಳ್ ಬಾಯಿಂದ ಬತ್ತೆ ತೆಗ್ದ್ ಬರುತ್ತೇನೆ ಹಾಕ್ತ್ರಿ ಅಂಬ್ರಲೆ? ಅಷ್ಟ್ ಉದ್ದ ಹೇಳಿ ಮುಗ್ಸುದ್ರೊಳ್ಗ್ ಬಸ್ಸೇ ಹೋತ್ತಲೆ!"

ಮೂರು ವರ್ಷದ ಹಿಂದೆ ಐಸ್ ಪ್ಲಾಂಟಿನಲ್ಲೇ ಕುಸಿದು ಬಿದ್ದರು. ಪಾರ್ಶ್ವವಾಯು. ಕಾಲು ಮೆಲ್ಲ ಸರಿಯಾಯಿತು, ಕೈ ಅರ್ಧ ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಾವು ಹೇಳಹೊರಟರೆ "ತ... ತ..." ಎಂಬಲ್ಲಿಗೆ ನಿಂತುಬಿಡುತ್ತಿತ್ತು. ಆ ಗಂಟಲಿಗೆ ಈ ಗತಿ ಬಂತಲ್ಲ ಎಂದು ನನಗೆ ಅವರ ಮನೆಗೆ ಹೋಗುವುದೇ ಸಂಕಟವಾಗುತ್ತಿತ್ತು.

ನಾಲ್ಕನೆಯ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಅವರ ಹೆಂಡತಿ ಗಿರಿಜಕ್ಕ ನಮ್ಮ ಅಂಗಳಕ್ಕೆ ಓಡಿ ಬಂದರು. "ಇವ್ರ್ ಮಾತಾಡಿದ್ರ್! ಬಾ, ಬೇಗ ಬಾ!" ಟೀವಿಯಲ್ಲಿ ಕೋರ್ಟ್ ಪಿಚ್ಚರ್ ಬರುತ್ತಿತ್ತು. ನಾನು ಒಳಗೆ ಕಾಲಿಡುವಾಗ ಪರದೆಯ ವಕೀಲ ಕೈ ಎತ್ತುತ್ತಿದ್ದ. ಅವನು ಬಾಯಿ ತೆರೆಯುವ ಅರ್ಧ ಕ್ಷಣ ಮೊದಲು ಗೋವಿಂದಣ್ಣ ಹೇಳಿದರು: "ಸ್ವಾಮೀ, ನನ್ನ ಮಾತು ಇನ್ನೂ ಮುಗಿದಿಲ್ಲ!"

ಬಾಯಿಪಾಠವಾದದ್ದು ಕೆಲವರಿಗೆ ಹೀಗೆ ಉಳಿಯುತ್ತದೆ, ಅದನ್ನೇ ಹಿಡಿದುಕೊಳ್ಳಿ ಎಂದರು ಡಾಕ್ಟರು. ಗೋವಿಂದಣ್ಣ ಹಿಡಿದದ್ದನ್ನು ಬಿಡುವ ಜನವೇ ಅಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು, ಮಾತ್ರೆಯ ಹಾಗೆ ಮೂರು ಪಿಚ್ಚರ್. ತಿಂಗಳೊಳಗೆ ಮಾತು ಬರತೊಡಗಿತು. ಆದರೆ ಬಂದದ್ದು ಸಿನಿಮಾದ ಮಾತು. ನೀರು ಬೇಕಾದರೆ "ತಾಯೀ, ದಾಹವಾಗಿದೆ." ಗಿರಿಜಕ್ಕ ಚಾ ಕೊಟ್ಟರೆ "ನಿನ್ನ ಋಣವನ್ನು ಹೇಗೆ ತೀರಿಸಲಿ?" ಮೀನು ತಂದವಳಿಗೆ "ಇದು ಅನ್ಯಾಯ, ಮಹಾಸ್ವಾಮಿ!" ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಒಂದು ದಿನ ನಗುತ್ತಿದ್ದ ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ಬಾಯ್ ಬಂತ್ ಕಾಣ್. ಇವ್ರ್ ಬರ್ಲಿಲ್ಲೆ."

ಗಿರಿಜಕ್ಕನಿಗೆ ಎಲ್ಲಕ್ಕಿಂತ ಹೆದರಿಕೆ ಒಂದು ಮಾತಿನದು. ಕೋರ್ಟ್ ಪಿಚ್ಚರಿನಲ್ಲಿ ವಕೀಲ ಮನೆ ಬಿಡುವಾಗ ತಾಯಿಗೆ "ಹೋಗುತ್ತೇನೆ ಅಮ್ಮ" ಎನ್ನುತ್ತಾನೆ. ನಮ್ಮಲ್ಲಿ ಹೊಸಿಲು ದಾಟುವವರು ಹಾಗೆ ಹೇಳುವುದಿಲ್ಲ. ಎಷ್ಟು ದೂರ ಹೊರಟರೂ "ಬತ್ತೆ" ಎನ್ನಬೇಕು. ಗೋವಿಂದಣ್ಣ ಆಸ್ಪತ್ರೆಗೆ ಹೊರಟಾಗಲೆಲ್ಲ "ಹೋಗುತ್ತೇನೆ" ಎನ್ನುವರು, ಗಿರಿಜಕ್ಕ "ಹಾಂಗ್ ಹೇಳುಕಾಗ, ಹಾಂಗ್ ಹೇಳುಕಾಗ" ಎಂದು ಬೇಡಿಕೊಳ್ಳುವರು.

ಗಿರಿಜಕ್ಕ ಅತ್ತ ಆ ದಿನ ಗೋವಿಂದಣ್ಣ ಮೊಬೈಲನ್ನು ನನ್ನ ಕೈಗೆ ತುರುಕಿ, ಪರದೆ ತೋರಿಸಿ ತಲೆ ಅಲ್ಲಾಡಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಈ ಮಾತು ಬೇಡ, ನನ್ನ ಮಾತು ಕೊಡು.

ಹೀಗೆ ನನ್ನ ಪಾಠ ತಿರುಗುಮುರುಗಾಯಿತು. ಶಾಲೆ ಬಿಟ್ಟು ಬಂದವಳು ಅವರೆದುರು ಕೂತು ಪಿಚ್ಚರ್ ಹಾಕುವುದು, ಒಂದು ಮಾತು ಬಂದೊಡನೆ ನಿಲ್ಲಿಸುವುದು, ಅದನ್ನೇ ನಮ್ಮ ಭಾಷೆಯಲ್ಲಿ ಹೇಳಿಕೊಡುವುದು. "ನನ್ನ್ ಮಾತ್ ಇನ್ನೂ ಮುಗಿಲಿಲ್ಲೆ." ಅವರು ಹತ್ತು ಸಲ ತಪ್ಪುವರು, ಹನ್ನೊಂದನೆಯ ಸಲಕ್ಕೆ ಕೈಸನ್ನೆ ಮಾಡಿ ಮತ್ತೆ ಹಾಕಿಸುವರು. ನಾಚಿಕೆಯ ಸಂಗತಿ ಎಂದರೆ ನಾನೂ ತಪ್ಪುತ್ತಿದ್ದೆ. ಇಪ್ಪತ್ತು ವರ್ಷ ತಿದ್ದಿ ತಿದ್ದಿ ನನ್ನ ನಾಲಗೆಯೂ ತಿದ್ದಿಹೋಗಿತ್ತು. ಒಂದು ಸಂಜೆ ಸಾಲಾಗಿ ಮೂರು ಸಲ ಪುಸ್ತಕದ ಮಾತು ಹೇಳಿದೆ. ಅವರು ಬೆರಳು ಅಲ್ಲಾಡಿಸಿದರು. ನನಗೂ ಸಿಟ್ಟು ಬಂತು, ಎದ್ದು ಚಪ್ಪಲಿ ಹಾಕಿಕೊಂಡೆ. ಗೇಟಿನ ತನಕ ಹೋಗಿದ್ದೆ.

"ಹ್ವಾಯ್!"

ಬೆನ್ನಿಗೆ ಬಡಿದ ಹಾಗೆ ಕೇಳಿತು. ಯಾವ ಪಿಚ್ಚರಿನಲ್ಲೂ ಇಲ್ಲದ ಮಾತು. ತಿರುಗಿದರೆ ಗೋವಿಂದಣ್ಣ ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದರು, ನನಗಿಂತ ಅವರೇ ಹೆಚ್ಚು ಬೆರಗಾಗಿದ್ದರು. ಚಪ್ಪಲಿ ಕಳಚಿ ಒಳಗೆ ಹೋದೆ, ಮತ್ತೆ ಕೂತೆವು.

ಆ ನಂತರ ಒಂದೊಂದೇ ಮಾತು ಬಂತು. 'ಎಂತ' ಬಂತು, 'ಸಾಕ್' ಬಂತು, 'ಗಿರ್ಜಾ' ಬಂತು. 'ಬತ್ತೆ' ಮಾತ್ರ ಬರಲಿಲ್ಲ. ಆ ಜಾಗದಲ್ಲಿ ವಕೀಲ ಬಂದು ನಿಂತುಬಿಡುತ್ತಿದ್ದ. ಅವರೂ ಬಿಡಲಿಲ್ಲ. ಆ ಒಂದು ದೃಶ್ಯವನ್ನು ದಿನಕ್ಕೆ ಇಪ್ಪತ್ತು ಸಲ ಹಾಕಿಸಿ ಅವನೊಡನೆ ಜಗಳಕ್ಕೆ ಕೂರುತ್ತಿದ್ದರು.

ಕಳೆದ ವರ್ಷ ಗೋವಿಂದಣ್ಣನಿಗೆ ಹೃದಯದ ಆಪರೇಷನ್ ಆಗಬೇಕೆಂದಾಯಿತು. ಅವರ ಅಳಿಯ ಕಾರು ತಂದಿದ್ದ. ಗಿರಿಜಕ್ಕ ಮರುದಿನ ಹೋಗುವುದೆಂದು ಮೆಟ್ಟಿಲ ಮೇಲೆ ನಿಂತಿದ್ದರು, ಪಕ್ಕದಲ್ಲಿ ನಾನು. ಗೋವಿಂದಣ್ಣ ಕಾರಿನ ಬಾಗಿಲು ಹಿಡಿದು ತಿರುಗಿದರು. "ಹೋ..." ಎಂದವರು ಗಟ್ಟಿಯಾಗಿ ತುಟಿ ಮುಚ್ಚಿದರು. ಕತ್ತಿನ ನರ ಉಬ್ಬಿತು. ಅಳಿಯ ಏನೋ ಹೇಳಲು ಬಂದರೆ ಕೈಯೆತ್ತಿ ತಡೆದರು.

"ಬತ್ತೆ."

"ಹ್ಞಾಂ, ಬನ್ನಿ," ಎಂದರು ಗಿರಿಜಕ್ಕ. ನನ್ನ ಕಡೆ ನೋಡಿ ಗೋವಿಂದಣ್ಣ ಹುಬ್ಬು ಹಾರಿಸಿದರು, ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಹಾಗೆ. ಕಾರು ತಿರುವಿನಲ್ಲಿ ಮರೆಯಾಯಿತು. ಆಪರೇಷನ್ ಆದ ಮೂರನೆಯ ದಿನ ಅವರು ಆಸ್ಪತ್ರೆಯಲ್ಲೇ ತೀರಿಕೊಂಡರು.

ಮೊನ್ನೆ ಗಿರಿಜಕ್ಕ ತಾವಾಗಿಯೇ ಮೊಬೈಲು ಹಿಡಿದು ಬಂದು, "ಕೋರ್ಟ್ ಪಿಚ್ಚರ್ ಹಾಕ್ ಕಾಂಬ," ಎಂದರು. ಇಬ್ಬರೂ ಗೋಡೆಗೆ ಒರಗಿ ಕೂತು ನೋಡಿದೆವು. ವಕೀಲ ಚೀಲ ಹೆಗಲಿಗೇರಿಸಿ ಹೊಸಿಲ ಹತ್ತಿರ ಬಂದು ತಾಯಿಯತ್ತ ತಿರುಗಿದ. ಅವನು ಬಾಯಿ ತೆರೆಯುವ ಅರ್ಧ ಕ್ಷಣ ಮೊದಲು ಗಿರಿಜಕ್ಕ ಹೇಳಿದರು.

"ಬತ್ತೆ."